ಹಂಚಿಕೊಟ್ಟ ಕೆಲಸವೋ, ಹಂಚಿಕೊಂಡ ಸೇವೆಯೋ?



ವರ್ಷ ಬದಲಾಗುವ ಹೊತ್ತಿಗೆ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ಬರಹವನ್ನು ಓದಿ ಹೇಳುವ ರೂಢಿಯಿದೆ. ಭಾನುವಾರದ ಬಲಿಪೂಜೆ ಮುಗಿಯುತ್ತ ಬಂದು, ಅಂತಿಮ ಆಶೀರ್ವಾದಕ್ಕೆ ಮುನ್ನ, ಧರ್ಮಕೇಂದ್ರದ ಗುರುಗಳು ಬರುವ ವರ್ಷದ ಯೋಜನೆಯನ್ನು ಸಭೆಯ ಮುಂದಿಡುತ್ತಾರೆ. ಕೆಲವೆಡೆ ಅದು ಅಚ್ಚಾದ ಕರಪತ್ರವಾಗಿ ಮನೆಮನೆಗೂ ತಲುಪುತ್ತದೆ. ಕಾದಂಬರಿಯನ್ನು ನಾವು ವಿಮರ್ಶಿಸುತ್ತೇವೆ, ಪತ್ರಿಕೆಯ ಸಂಪಾದಕೀಯವನ್ನು ವಿಮರ್ಶಿಸುತ್ತೇವೆ, ಗುರುಗಳ ಪ್ರಬೋಧನೆಯನ್ನೂ ದೇವಾಲಯದ ಮೆಟ್ಟಿಲಿಳಿಯುವಷ್ಟರಲ್ಲಿ ವಿಮರ್ಶಿಸಿ ಮುಗಿಸಿರುತ್ತೇವೆ. ಆದರೆ ನಮ್ಮ ಇಡೀ ವರ್ಷದ ವಿಶ್ವಾಸದ ಬಾಳನ್ನು ರೂಪಿಸಬೇಕಾದ ಈ ಬರಹವನ್ನು ಮಾತ್ರ ಯಾರೂ ಬರಹವೆಂದು ಓದುವುದಿಲ್ಲ. ದಿನಾಂಕಗಳನ್ನು ಗುರುತುಹಾಕಿಕೊಂಡು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಬಿಡುತ್ತೇವೆ.

ಈ ಲೇಖನ ಆ ಬರಹವನ್ನು ವಿಮರ್ಶಕನ ಕಣ್ಣಿನಿಂದ ಓದುವ ಒಂದು ಪ್ರಯತ್ನ. ಇಂತಹ ಯೋಜನೆಗಳನ್ನು ಬರೆಯುವವರ ಬಳಗಕ್ಕೇ ಸೇರಿದವನು ನಾನು. ಆದುದರಿಂದ ಯಾವೊಬ್ಬ ಗುರುವನ್ನೂ ಬೆರಳಿಟ್ಟು ತೋರುವುದು ಇದರ ಉದ್ದೇಶವಲ್ಲ. ‘ಹಂಚಿಕೊಂಡ ಸೇವೆ’ ಎಂಬ ಮಾತು ಇಂದು ಬಹುತೇಕ ಎಲ್ಲ ಯೋಜನೆಗಳಲ್ಲಿಯೂ ಕಾಣಿಸಿಕೊಳ್ಳುತ್ತಿದೆ. ಆ ಮಾತು ಏನನ್ನು ಭರವಸೆ ಕೊಡುತ್ತದೆ, ಧರ್ಮಸಭೆಯ ದಾಖಲೆಗಳು ಅದಕ್ಕೆ ಎಷ್ಟು ಬಲ ತುಂಬುತ್ತವೆ, ಎಲ್ಲಿ ಕೈಬಿಡುತ್ತವೆ ಎಂಬುದನ್ನು ನಿಮ್ಮೊಡನೆ ಕುಳಿತು ಪರಿಶೀಲಿಸಬೇಕೆಂಬುದಷ್ಟೇ ನನ್ನ ಆಶಯ.

ಸಾಮಾನ್ಯವಾದ ಒಂದು ಯೋಜನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ವಾರ್ಷಿಕ ಹಬ್ಬ, ನವೇನ, ತಪಸ್ಸುಕಾಲದ ಧ್ಯಾನಕೂಟ, ಮಕ್ಕಳ ಪ್ರಥಮ ಪರಮಪ್ರಸಾದ, ದೃಢೀಕರಣ, ಯಾತ್ರೆ, ಯುವಜನರ ಶಿಬಿರ, ದೇವಾಲಯದ ಚಾವಣಿಯ ದುರಸ್ತಿ, ಸ್ಮಶಾನದ ಆವರಣ ಗೋಡೆ. ಇವುಗಳ ನಂತರ ‘ಹಂಚಿಕೊಂಡ ಸೇವೆ’ ಎಂಬ ತಲೆಬರಹದಡಿ ಒಂದು ಪಟ್ಟಿ: ವಾಚನಗಳು ಒಂದನೆಯ ವಾರ್ಡಿಗೆ, ಗಾನವೃಂದ ಎರಡನೆಯದಕ್ಕೆ, ಹೂವಿನ ಅಲಂಕಾರ ಮಹಿಳಾ ಸಂಘಕ್ಕೆ, ವಾಹನ ನಿಲುಗಡೆ ಯುವಕರಿಗೆ, ಹಬ್ಬದ ಊಟದ ಬಡಿಸುವಿಕೆ ಮತ್ತೊಂದು ವಾರ್ಡಿಗೆ. ಇವೆಲ್ಲವೂ ಅಗತ್ಯವಾದ ಕೆಲಸಗಳೇ. ಪ್ರೀತಿಯಿಂದ ಮಾಡಿದಾಗ ಇವುಗಳಲ್ಲಿ ಯಾವುದೂ ಕಿರಿದಲ್ಲ. ಆದರೂ ಪಟ್ಟಿಯನ್ನು ಮತ್ತೊಮ್ಮೆ ಓದಿದರೆ ಒಂದು ಸಂಗತಿ ಗೋಚರಿಸುತ್ತದೆ: ಹಂಚಿರುವುದೆಲ್ಲ ಕೆಲಸ. ಆ ಕೆಲಸವೇ ಏಕೆ, ಬೇರೆ ಏಕಲ್ಲ, ಯಾವುದು ಮೊದಲು, ಯಾವುದಕ್ಕೆ ಎಷ್ಟು ಹಣ ಎಂಬ ತೀರ್ಮಾನಗಳು ಈ ಪಟ್ಟಿ ಸಿದ್ಧವಾಗುವ ಮೊದಲೇ ಬೇರೆಲ್ಲೋ ಆಗಿಹೋಗಿವೆ.

ಯೋಜನೆಯ ವ್ಯಾಕರಣವನ್ನು ಗಮನಿಸಿದರೆ ಈ ಸಂಗತಿ ಇನ್ನೂ ಸ್ಪಷ್ಟವಾಗುತ್ತದೆ. ‘ಈ ವರ್ಷ ನಾವು ಸಮುದಾಯ ಭವನವನ್ನು ಪೂರ್ಣಗೊಳಿಸಲಿದ್ದೇವೆ, ಎಲ್ಲರೂ ಸಹಕರಿಸಬೇಕು’ ಎಂಬ ಬಗೆಯ ವಾಕ್ಯವನ್ನು ನೀವು ಕೇಳಿಯೇ ಇರುತ್ತೀರಿ. ಇಲ್ಲಿ ‘ನಾವು’ ಯಾರು? ತುಳು ಭಾಷೆಯಲ್ಲಿ ಈ ಗೊಂದಲವಿಲ್ಲ. ಕೇಳುವವನನ್ನೂ ಸೇರಿಸಿಕೊಂಡು ಹೇಳುವಾಗ ‘ನಮ’, ಅವನನ್ನು ಹೊರಗಿಟ್ಟು ಹೇಳುವಾಗ ‘ಎಂಕುಲು’. ತಮಿಳು, ತೆಲುಗುಗಳಲ್ಲಿಯೂ ಈ ಭೇದವಿದೆ. ನಮ್ಮ ಇಂದಿನ ಕನ್ನಡದಲ್ಲಿ ಮಾತ್ರ ಎರಡಕ್ಕೂ ಒಂದೇ ‘ನಾವು’. ಆದುದರಿಂದ ಕನ್ನಡದಲ್ಲಿ ಓದಿದ ಯೋಜನೆಯೊಂದು ಎಲ್ಲರನ್ನೂ ಒಳಗೊಂಡಂತೆ ಕೇಳಿಸಿಯೂ ಯಾರನ್ನೂ ಒಳಗೊಳ್ಳದೆ ಇರಬಲ್ಲದು. ವಾಕ್ಯದ ಉತ್ತರಾರ್ಧದಲ್ಲಿ ಗುಟ್ಟು ರಟ್ಟಾಗುತ್ತದೆ. ‘ನಾವು’ ಎಂಬುದರಲ್ಲಿ ನೀವು ನಿಜವಾಗಿಯೂ ಸೇರಿದ್ದರೆ, ನಿಮ್ಮ ಸಹಕಾರವನ್ನು ಬೇರೆಯಾಗಿ ಕೋರುವ ಅಗತ್ಯವೇ ಬೀಳುತ್ತಿರಲಿಲ್ಲ. ತನ್ನ ಮನೆಯ ಕೆಲಸಕ್ಕೆ ಯಾರೂ ಸಹಕರಿಸುವುದಿಲ್ಲ. ಅದನ್ನು ಮಾಡುತ್ತಾರೆ, ಅಷ್ಟೆ.

‘ಹಂಚಿಕೊಡು’ ಮತ್ತು ‘ಹಂಚಿಕೊಳ್ಳು’ ಎಂಬ ಎರಡು ಕ್ರಿಯಾಪದಗಳ ನಡುವಿನ ಅಂತರವೂ ಇದೇ. ಕೂಡುಕುಟುಂಬದಲ್ಲಿ ಯಜಮಾನನು ಬೆಳಗ್ಗೆ ಎದ್ದು, ನೀನು ಗದ್ದೆಗೆ, ನೀನು ಸಂತೆಗೆ, ನೀನು ಕೊಟ್ಟಿಗೆಗೆ ಎಂದರೆ ಅದು ಹಂಚಿಕೊಟ್ಟದ್ದು. ಸಾಲ ಮಾಡಬೇಕೇ, ಮಗಳ ಓದು ಮುಂದುವರಿಸಬೇಕೇ, ಜಮೀನು ಮಾರಬೇಕೇ ಎಂಬ ಪ್ರಶ್ನೆ ಬಂದಾಗ ಮನೆಮಂದಿಯೆಲ್ಲ ಕುಳಿತು ಮಾತಾಡಿ, ಫಲ ಸಿಹಿಯಾದರೂ ಕಹಿಯಾದರೂ ಒಟ್ಟಿಗೆ ಹೊತ್ತರೆ ಅದು ಹಂಚಿಕೊಂಡದ್ದು. ಮೊದಲನೆಯದರಲ್ಲಿ ಕೈಗಳು ಬೇಕು. ಎರಡನೆಯದರಲ್ಲಿ ಮನುಷ್ಯರು ಬೇಕು.

ಹಂಚಿಕೊಂಡ ಸೇವೆಗೆ ಆಧಾರವಾಗಿ ಪವಿತ್ರ ಗ್ರಂಥದ ಎರಡು ಪ್ರಸಂಗಗಳನ್ನು ನಾವು ಉದಾಹರಿಸುತ್ತೇವೆ. ಅವೆರಡೂ ಒಂದೇ ಎಂಬಂತೆ ಬಳಸುವುದು ವಾಡಿಕೆ. ಆದರೆ ಅವು ಒಂದೇ ಅಲ್ಲ. ಮೊದಲನೆಯದು ವಿಮೋಚನಾಕಾಂಡದ 18ನೆಯ ಅಧ್ಯಾಯದಲ್ಲಿದೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದ ಮೋಶೆಯನ್ನು ಕಂಡು ಅವನ ಮಾವ ಇತ್ರೋ, ಹೀಗಾದರೆ ನೀನೂ ಬಳಲುವೆ, ಜನರೂ ಬಳಲುವರು ಎಂದು ಎಚ್ಚರಿಸುತ್ತಾನೆ. ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬ ಅಧಿಪತಿಯನ್ನು ನೇಮಿಸುವಂತೆ ಸಲಹೆ ನೀಡುತ್ತಾನೆ. ಸಣ್ಣ ವ್ಯಾಜ್ಯಗಳು ಅವರಿಗೆ, ದೊಡ್ಡವು ಮೋಶೆಗೆ. ಇದು ವಿವೇಕದ ಮಾತು. ಆದರೆ ಇಲ್ಲಿ ಆರಿಸಿದವನು ಮೋಶೆಯೇ. ಹಗುರವಾದದ್ದು ಮೋಶೆಯ ಹೊರೆ. ಇದು ಹೊರೆ ಹಂಚಿಕೊಟ್ಟ ಕಥೆ.

ಎರಡನೆಯದು ಪ್ರೇಷಿತರ ಕಾರ್ಯಕಲಾಪಗಳ 6ನೆಯ ಅಧ್ಯಾಯ. ದಿನನಿತ್ಯದ ಆಹಾರ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು ಗ್ರೀಕ್ ಮಾತನಾಡುವ ಶಿಷ್ಯರು ದೂರಿದರು. ಪ್ರೇಷಿತರು ದೂರಿದವರನ್ನು ಗದರಿಸಲಿಲ್ಲ, ತಾವೇ ಏಳು ಮಂದಿಯನ್ನು ನೇಮಿಸಲೂ ಇಲ್ಲ. ಇಡೀ ಸಭೆಯನ್ನು ಕರೆದು, ನೀವೇ ಆರಿಸಿರಿ ಎಂದರು. ಸಭೆ ಆರಿಸಿದವರ ಹೆಸರುಗಳನ್ನು ಓದಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕಾನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಯಾರಿಗೆ ಅನ್ಯಾಯವಾಗಿತ್ತೋ ಅವರ ಕೈಗೇ ಹಂಚುವ ಅಧಿಕಾರವನ್ನು ಸಭೆ ಒಪ್ಪಿಸಿದಂತಿದೆ. ಪ್ರೇಷಿತರು ಪ್ರಾರ್ಥಿಸಿ ಅವರ ಮೇಲೆ ಹಸ್ತವಿಟ್ಟರು. ಹೀಗೆ ಆಯ್ಕೆ ಸಮುದಾಯದ್ದು, ಅಭಿಷೇಕ ಪ್ರೇಷಿತರದ್ದು. ಮುಂದಿನ ಕಥೆ ಇನ್ನೂ ಅರ್ಥಪೂರ್ಣ. ಊಟ ಬಡಿಸಲೆಂದು ನೇಮಕಗೊಂಡ ಸ್ತೆಫನ ಸಾಕ್ಷಿ ನುಡಿದು ರಕ್ತಸಾಕ್ಷಿಯಾದ. ಫಿಲಿಪ್ಪ ಸಮಾರಿಯದಲ್ಲಿ ಶುಭಸಂದೇಶ ಸಾರಿದ. ನಿಜವಾಗಿ ಹಂಚಿಕೊಂಡ ಸೇವೆ ನಾವು ಹಾಕಿದ ಗೆರೆಯೊಳಗೆ ನಿಲ್ಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷ್ಯ ಬೇಕಿಲ್ಲ. ನಮ್ಮ ಯೋಜನೆಗಳು ಹೆಸರಿಗೆ ಸ್ತೆಫನನನ್ನು ಸ್ಮರಿಸಿದರೂ ಅನುಸರಿಸುವುದು ಬಹುಮಟ್ಟಿಗೆ ಇತ್ರೋನನ್ನು.

ಈಗ ಧರ್ಮಸಭೆಯ ದಾಖಲೆಗಳತ್ತ ನೋಡೋಣ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಪ್ರಕಟಿಸಿದ ‘ಲೂಮೆನ್ ಜೆನ್ಸಿಯುಂ’ ಎಂಬ ಸಂವಿಧಾನದ ಅಧ್ಯಾಯಗಳ ಕ್ರಮವೇ ಒಂದು ಬೋಧನೆ. ಮೊದಲು ಧರ್ಮಸಭೆಯ ರಹಸ್ಯ, ಎರಡನೆಯದಾಗಿ ದೇವಜನರು, ಆ ಬಳಿಕ ಮೂರನೆಯದಾಗಿ ಧರ್ಮಾಧ್ಯಕ್ಷರು ಮತ್ತು ಗುರುಗಳು, ನಾಲ್ಕನೆಯದಾಗಿ ಶ್ರೀಸಾಮಾನ್ಯರು. ಗುರುವಾಗುವ ಮೊದಲು, ಧರ್ಮಾಧ್ಯಕ್ಷನಾಗುವ ಮೊದಲು, ಪ್ರತಿಯೊಬ್ಬನೂ ದೀಕ್ಷಾಸ್ನಾನ ಪಡೆದ ದೇವಜನರಲ್ಲೊಬ್ಬ ಎಂಬುದನ್ನು ಆ ಅನುಕ್ರಮ ನೆನಪಿಸುತ್ತದೆ. ದೀಕ್ಷಾಸ್ನಾನದ ಯಾಜಕತ್ವಕ್ಕೂ ಗುರುದೀಕ್ಷೆಯ ಯಾಜಕತ್ವಕ್ಕೂ ಇರುವ ಭೇದ ಕೇವಲ ಹೆಚ್ಚುಕಡಿಮೆಯದಲ್ಲ, ಸ್ವರೂಪದ್ದೇ; ಆದರೂ ಅವೆರಡೂ ಒಂದಕ್ಕೊಂದು ಅಭಿಮುಖವಾಗಿವೆ ಎಂದು ಅದರ 10ನೆಯ ಪರಿಚ್ಛೇದ ಬೋಧಿಸುತ್ತದೆ. ಧರ್ಮಸಭೆಯ ಹಿತಕ್ಕೆ ಸಂಬಂಧಿಸಿದ ವಿಷಯಗಳಲ್ಲಿ ತಮ್ಮ ಅಭಿಪ್ರಾಯ ತಿಳಿಸುವುದು ಶ್ರೀಸಾಮಾನ್ಯರ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು ಎಂದು 37ನೆಯ ಪರಿಚ್ಛೇದ ಹೇಳುತ್ತದೆ.

ಈ ಬೋಧನೆ 1983ರ ಧರ್ಮಸಭೆಯ ಕಾನೂನು ಸಂಹಿತೆಗೆ ಇಳಿಯುವಾಗ ಸ್ವಲ್ಪ ಕುಗ್ಗಿತು ಎಂಬುದು ನನ್ನ ವಿನಮ್ರ ಅಭಿಪ್ರಾಯ. ಸಂಹಿತೆಯ 537ನೆಯ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಲೇಬೇಕು. 536ನೆಯ ವಿಧಿಯ ಪ್ರಕಾರ ಪಾಲನಾ ಮಂಡಳಿ ಇರಬೇಕಾದುದು ಧರ್ಮಾಧ್ಯಕ್ಷರು ಗುರುಗಳ ಪರಿಷತ್ತಿನ ಅಭಿಪ್ರಾಯ ಕೇಳಿ, ಸೂಕ್ತವೆಂದು ಕಂಡಲ್ಲಿ. ಇದ್ದರೂ ಅದರ ಮತ ಕೇವಲ ಸಲಹಾತ್ಮಕ. ಹಣದ ಲೆಕ್ಕಕ್ಕೆ ಸಮಿತಿ ಕಡ್ಡಾಯ, ಆತ್ಮಗಳ ಪಾಲನೆಯ ವಿವೇಚನೆಗೆ ಮಂಡಳಿ ಐಚ್ಛಿಕ! ಕಾನೂನು ರಚಿಸಿದವರ ಉದ್ದೇಶ ಹಾಗಿರಲಾರದು. ಆದರೆ ಬರಹವೊಂದು ತನ್ನ ಉದ್ದೇಶದಿಂದ ಮಾತ್ರವಲ್ಲ, ತಾನು ಕಡ್ಡಾಯಗೊಳಿಸುವುದರಿಂದಲೂ ಮಾತನಾಡುತ್ತದೆ.

ಶ್ರೀಸಾಮಾನ್ಯರ ಸಹಯೋಗ ಕುರಿತು 1997ರ ಆಗಸ್ಟ್ 15ರಂದು ವ್ಯಾಟಿಕನ್ನಿನ ಎಂಟು ಕಾರ್ಯಾಲಯಗಳು ಕೂಡಿ ಹೊರಡಿಸಿದ ಸೂಚನಾಪತ್ರ ಹಾಗೂ ಧರ್ಮಕೇಂದ್ರಗಳ ಪರಿವರ್ತನೆ ಕುರಿತು 2020ರ ಜುಲೈನಲ್ಲಿ ಪ್ರಕಟವಾದ ಸೂಚನಾಪತ್ರ, ಇವೆರಡೂ ಗುರುದೀಕ್ಷೆಯ ವೈಶಿಷ್ಟ್ಯವನ್ನು ಕಾಯಲು ಹೆಣಗುತ್ತವೆ. ಆ ಕಾಳಜಿ ಸರಿಯಾದದ್ದು. ಬಲಿಪೂಜೆ ಅರ್ಪಿಸುವ, ಪಾಪನಿವೇದನೆ ಕೇಳಿ ಕ್ಷಮೆಯ ಸಂಸ್ಕಾರ ನೀಡುವ ಗುರುವಿನ ಸ್ಥಾನವನ್ನು ಸಮಿತಿಯೊಂದು ತುಂಬಲಾರದು. 2020ರ ಪತ್ರ ಧರ್ಮಕೇಂದ್ರ ತನ್ನ ಗೋಡೆಗಳಾಚೆ ಹೊರಡಬೇಕೆಂದು ಆರಂಭದಲ್ಲಿ ಉತ್ಸಾಹದಿಂದ ಮಾತನಾಡುತ್ತದೆ. ಆದರೆ ಉತ್ತರಾರ್ಧಕ್ಕೆ ಬರುವಷ್ಟರಲ್ಲಿ ಶ್ರೀಸಾಮಾನ್ಯರನ್ನು ಯಾವ ಯಾವ ಪದನಾಮಗಳಿಂದ ಕರೆಯಬಾರದೆಂಬ ಎಚ್ಚರಿಕೆಗಳೇ ಮುಂದಾಗುತ್ತವೆ. ಜರ್ಮನಿಯ ಕೆಲವು ಧರ್ಮಾಧ್ಯಕ್ಷರು ಅದನ್ನು ಬಹಿರಂಗವಾಗಿ ಟೀಕಿಸಿದರು. ಓದಿ ಮುಗಿಸಿದವನ ಮನಸ್ಸಿನಲ್ಲಿ ಉಳಿಯುವುದು ಬಾಗಿಲು ತೆರೆದ ಸದ್ದಲ್ಲ, ಅಗಣಿ ಹಾಕಿದ ಸದ್ದು.

ಈ ಹಿನ್ನೆಲೆಯಲ್ಲಿ, ಸಹಪಯಣದ ಧರ್ಮಸಭೆಯನ್ನು ಕುರಿತ ಸಿನೊಡ್ 2024ರ ಅಕ್ಟೋಬರ್ 26ರಂದು ಅಂಗೀಕರಿಸಿದ ಅಂತಿಮ ದಾಖಲೆ ನಿಜಕ್ಕೂ ಹೊಸ ಗಾಳಿ. ಇದರ ಹಿಂದೆ ನಿಮ್ಮ ಪಾಲೂ ಇದೆ. 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಸಮಾಲೋಚನೆಯ ಸಮಯದಲ್ಲಿ ನಿಮ್ಮಲ್ಲಿ ಹಲವರು ವಾರ್ಡು ಸಭೆಗಳಲ್ಲಿ ಕುಳಿತು ಪ್ರಶ್ನೆಗಳಿಗೆ ಉತ್ತರಿಸಿದಿರಿ. ಆ ಉತ್ತರಗಳು ಎಲ್ಲಿಗೆ ಹೋದವೆಂದು ಆಮೇಲೆ ಕೇಳಿದಿರಿ. 2023 ಮತ್ತು 2024ರ ಅಧಿವೇಶನಗಳಲ್ಲಿ ಮಹಿಳೆಯರೂ ಇತರ ಶ್ರೀಸಾಮಾನ್ಯರೂ ಧರ್ಮಾಧ್ಯಕ್ಷರೊಡನೆ ಮತದಾನದ ಹಕ್ಕು ಪಡೆದು ಕುಳಿತರು. ಹಿಂದಿನ ಸಿನೊಡ್‌ಗಳಂತೆ ಪ್ರತ್ಯೇಕ ಪ್ರಬೋಧನಾಪತ್ರ ಬರೆಯದೆ, ಪೋಪ್ ಫ್ರಾನ್ಸಿಸ್ ಅವರು ಆ ದಾಖಲೆಯನ್ನೇ ಧರ್ಮಸಭೆಯ ಕೈಗಿತ್ತರು. 2025ರ ಏಪ್ರಿಲ್ 21ರಂದು ಅವರು ನಿಧನ ಹೊಂದಿದ ಮೇಲೂ ಕಾರ್ಯ ನಿಲ್ಲಲಿಲ್ಲ. ಅನುಷ್ಠಾನದ ಹಂತಕ್ಕೆ ಮಾರ್ಗಸೂಚಿ 2025ರ ಜುಲೈನಲ್ಲಿ, ಪೋಪ್ 14ನೆಯ ಲಿಯೋ ಅವರ ಕಾಲದಲ್ಲಿ ಪ್ರಕಟವಾಯಿತು. ಈ ಹಂತದ ಕೊನೆಗೆ 2028ರ ಅಕ್ಟೋಬರ್‌ನಲ್ಲಿ ವ್ಯಾಟಿಕನ್ನಿನಲ್ಲಿ ಧರ್ಮಸಭೆಯ ಮಹಾಸಮಾವೇಶವನ್ನು ಗೊತ್ತುಮಾಡಲಾಗಿದೆ. ನಿಮ್ಮ ಧರ್ಮಕೇಂದ್ರದ ಬರುವ ವರ್ಷದ ಯೋಜನೆ ಈ ಅನುಷ್ಠಾನದ ಒಂದು ತುಣುಕೆಂಬುದನ್ನು ಮರೆಯಲಾಗದು.

ದಾಖಲೆಯ ಶಕ್ತಿ ಎಲ್ಲಿದೆ? ಸಲಹೆಗೂ ತೀರ್ಮಾನಕ್ಕೂ ಇರುವ ಸಂಬಂಧವನ್ನು ಅದು ಹೊಸದಾಗಿ ಹೇಳುತ್ತದೆ. ಧರ್ಮಾಧ್ಯಕ್ಷರ ಅಧಿಕಾರವನ್ನು ಯಾರೂ ಕಸಿಯುವಂತಿಲ್ಲ, ಆದರೆ ಅದಕ್ಕೆ ಮಿತಿಯೇ ಇಲ್ಲವೆಂದಲ್ಲ. ಸರಿಯಾದ ಸಮಾಲೋಚನೆಯಿಂದ ಮೂಡಿದ ಒಮ್ಮತದ ದಿಕ್ಕನ್ನು ಅಧಿಕಾರಸ್ಥರು ಕಡೆಗಣಿಸುವಂತಿಲ್ಲ ಎಂದು 92ನೆಯ ಪರಿಚ್ಛೇದ ತಿಳಿಸುತ್ತದೆ. ಮತ ‘ಕೇವಲ ಸಲಹಾತ್ಮಕ’ ಎಂಬ ಕಾನೂನಿನ ನುಡಿಗಟ್ಟನ್ನೇ ಮರುಪರಿಶೀಲಿಸಬೇಕೆಂದು ಅದು ಕೋರುತ್ತದೆ. ಕಾನೂನು ಈಗಾಗಲೇ ಹೇಳಿರುವ ಮಂಡಳಿಗಳನ್ನು ಕಡ್ಡಾಯಗೊಳಿಸಬೇಕೆಂದು 104ನೆಯ ಪರಿಚ್ಛೇದ ಒತ್ತಾಯಿಸುತ್ತದೆ. ಮಂಡಳಿಗಳಲ್ಲಿ ಮಹಿಳೆಯರಿಗೆ, ಯುವಜನರಿಗೆ, ಬಡತನದಲ್ಲಿ ಬಾಳುವವರಿಗೆ ಹೆಚ್ಚಿನ ಸ್ಥಾನವಿರಬೇಕೆಂದೂ, ದೇವಾಲಯದೊಳಗಿನ ಕೆಲಸಗಳಲ್ಲಿ ತೊಡಗಿದವರಷ್ಟೇ ಅಲ್ಲದೆ ಹೊರಗಿನ ಬಾಳಿನಲ್ಲಿ ವಿಶ್ವಾಸಕ್ಕೆ ಸಾಕ್ಷಿಯಾಗಿರುವವರೂ ಅಲ್ಲಿರಬೇಕೆಂದೂ ಆಶಿಸುತ್ತದೆ. ವಾರ್ಷಿಕ ಲೆಕ್ಕಪತ್ರದ ಪ್ರಕಟಣೆ, ಹೊಣೆ ಹೊತ್ತವರ ಕಾರ್ಯದ ಮೌಲ್ಯಮಾಪನ ಮುಂತಾದ ಲೌಕಿಕವೆನಿಸುವ ಮಾತುಗಳನ್ನೂ ಅದು ಸಂಕೋಚವಿಲ್ಲದೆ ಆಡುತ್ತದೆ.

ಅದರ ಕುಂದುಗಳನ್ನೂ ಹೇಳಬೇಕು. 155 ಪರಿಚ್ಛೇದಗಳ ಆ ಬರಹ ದಣಿದ ಕುಟುಂಬವೊಂದು ಸಂಜೆ ಕುಳಿತು ಓದುವಂಥದ್ದಲ್ಲ. ‘ಪರಿವರ್ತನೆ’, ‘ವಿವೇಚನೆ’, ‘ಸಹಪಯಣ’ ಮೊದಲಾದ ಪದಗಳು ಮರುಕಳಿಸಿ ಮರುಕಳಿಸಿ ತಮ್ಮ ಹರಿತವನ್ನು ಕಳೆದುಕೊಳ್ಳುತ್ತವೆ. ಅದು ಕೋರುವ ಕಾನೂನಿನ ಬದಲಾವಣೆ ಅಧಿಕೃತವಾಗಿ ಆಗುವ ತನಕ ಪಾಲನಾ ಮಂಡಳಿಯ ಭವಿಷ್ಯ ಆಯಾ ಗುರುವಿನ ಸದ್ಭಾವವನ್ನೇ ಅವಲಂಬಿಸಿರುತ್ತದೆ. ಮಹಿಳೆಯರ ಸೇವೆಯನ್ನು ಕುರಿತ 60ನೆಯ ಪರಿಚ್ಛೇದ 258 ಮತಗಳಿಂದ ಅಂಗೀಕಾರವಾದರೂ 97 ಮಂದಿ ಅದನ್ನು ವಿರೋಧಿಸಿದರು. ಸಹಪಯಣವೆಂದಾಗ ಎಲ್ಲರೂ ತಲೆದೂಗುತ್ತಾರೆ. ಯಾರು ಯಾರ ಪಕ್ಕದಲ್ಲಿ ನಡೆಯಬೇಕೆಂಬ ಪ್ರಶ್ನೆ ಬಂದಾಗ ಹೆಜ್ಜೆಗಳು ಹಿಂಜರಿಯುತ್ತವೆ.

ಇದೆಲ್ಲ ಯೂರೋಪಿನ ಚರ್ಚೆ, ನಮಗೇಕೆ ಎನ್ನುವವರುಂಟು. ಅವರಿಗೆ ನಮ್ಮದೇ ನೆಲದ ಇತಿಹಾಸವನ್ನು ನೆನಪಿಸಬಯಸುತ್ತೇನೆ. 1969ರಲ್ಲಿ, ಮಹಾಸಭೆ ಮುಗಿದ ನಾಲ್ಕೇ ವರ್ಷಗಳಲ್ಲಿ, ಭಾರತದ ಧರ್ಮಸಭೆಯ ರಾಷ್ಟ್ರೀಯ ವಿಚಾರಗೋಷ್ಠಿ ನಡೆದದ್ದು ಬೆಂಗಳೂರಿನಲ್ಲಿ. ಅಲ್ಲಿ ಧರ್ಮಾಧ್ಯಕ್ಷರು, ಗುರುಗಳು, ಧರ್ಮಭಗಿನಿಯರು, ಶ್ರೀಸಾಮಾನ್ಯರು ಒಟ್ಟಿಗೆ ಕುಳಿತು ಚರ್ಚಿಸಿದರು. ಅದಕ್ಕೆ ಎರಡು ವರ್ಷ ಮುಂಚೆ, 1967ರಲ್ಲಿ, ಫಾದರ್ ಡಿ. ಎಸ್. ಅಮಲೋರ್‌ಪವದಾಸ್ ಅವರು ಅದೇ ನಗರದಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಪವಿತ್ರಗ್ರಂಥ, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ ಅಸಂಖ್ಯ ಶ್ರೀಸಾಮಾನ್ಯರಿಗೆ ತರಬೇತಿ ನೀಡಿದೆ. 1990ರಲ್ಲಿ ಇಂಡೊನೇಷ್ಯಾದ ಬಾಂಡುಂಗ್‌ನಲ್ಲಿ ಸೇರಿದ ಏಷ್ಯಾದ ಧರ್ಮಾಧ್ಯಕ್ಷರು ಧರ್ಮಸಭೆಯನ್ನು ಸಮುದಾಯಗಳ ಸಮುದಾಯವಾಗಿ, ಎಲ್ಲರೂ ಪಾಲುಗೊಳ್ಳುವ ಸಭೆಯಾಗಿ ಕಂಡರು. ನಮ್ಮ ಕಿರು ಕ್ರೈಸ್ತ ಸಮುದಾಯಗಳು ಬಲಗೊಂಡದ್ದು ಈ ದರ್ಶನದಿಂದ. ಇದಕ್ಕೂ ಬಹಳ ಹಿಂದೆ ಕರಾವಳಿಯ ಕಥೋಲಿಕರಲ್ಲಿ ವಾರ್ಡಿನ ಮುಖಂಡರಾದ ಗುರ್ಕಾರರಿದ್ದರು. ಗುರುಗಳು ಅಪರೂಪಕ್ಕೆ ಬರುತ್ತಿದ್ದ ಹಳ್ಳಿಗಳಲ್ಲಿ ಜಪಸರ ನಡೆಸಿ, ಮಕ್ಕಳಿಗೆ ಧರ್ಮೋಪದೇಶ ಕಲಿಸಿ, ಸಾಯುವವರ ಪಕ್ಕ ಕುಳಿತು ಪ್ರಾರ್ಥಿಸಿದವರು ಉಪದೇಶಿಗಳು. 2021ರ ಮೇ 10ರಂದು ಪೋಪ್ ಫ್ರಾನ್ಸಿಸ್ ಅವರು ಧರ್ಮೋಪದೇಶಕರ ಸೇವೆಯನ್ನು ಅಧಿಕೃತ ಸೇವಾಪದವಿಯಾಗಿ ಸ್ಥಾಪಿಸಿದಾಗ, ನಮ್ಮ ಹಳೆಯ ಉಪದೇಶಿಗಳಿಗೆ ತಡವಾಗಿ ಸಂದ ಗೌರವ ಅದೆಂದು ನನಗೆ ತೋರಿತು. ಅದೇ ವರ್ಷದ ಜನವರಿಯಲ್ಲಿ ವಾಚಕರ ಹಾಗೂ ಬಲಿಪೀಠ ಸೇವಕರ ಪದವಿಗಳನ್ನು ಮಹಿಳೆಯರಿಗೂ ತೆರೆಯಲಾಯಿತು. ಇಷ್ಟಾದರೂ ನಮ್ಮ ಯೋಜನೆಗಳ ‘ಮಹಿಳೆಯರು’ ಎಂಬ ಅಂಕಣದಲ್ಲಿ ಹೂವು ಮತ್ತು ಪೊರಕೆಯಾಚೆ ಏನಿದೆಯೆಂದು ನೀವೇ ನೋಡಿ.

ನಮ್ಮ ಮಂಡಳಿಗಳಲ್ಲಿ ಯಾರು ಕುಳಿತಿದ್ದಾರೆ ಎಂಬ ಪ್ರಶ್ನೆಯನ್ನೂ ಕೇಳದೆ ಬಿಡಲಾಗದು. ದಲಿತ ಕ್ರೈಸ್ತರ ವಿರುದ್ಧದ ತಾರತಮ್ಯ ಧರ್ಮಸಭೆಯೊಳಗೂ ಇದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದೆ. ಕೂಲಿ ಕೆಲಸದಿಂದ ಕತ್ತಲಾದ ಮೇಲೆ ಮರಳುವವನಿಗೆ ಸಂಜೆ 5 ಗಂಟೆಯ ಸಭೆಯಲ್ಲಿ ಸ್ಥಾನವಿದ್ದೂ ಇಲ್ಲ. ಅಡುಗೆಮನೆಯ ಹೊತ್ತಿಗೇ ಇಟ್ಟ ಸಭೆಗೆ ಮನೆಯೊಡತಿ ಬರಲಾರಳು. ಹೀಗೆ ಯಾರನ್ನೂ ಹೊರಗಿಡದೆಯೇ ಹೊರಗಿಡುವ ವಿದ್ಯೆ ನಮಗೆ ಕರಗತವಾಗಿದೆ. ಕಾರ್ಯಕಲಾಪಗಳ ಆ ವಿಧವೆಯರನ್ನೂ ಪ್ರಾಯಶಃ ಯಾರೂ ಬೇಕೆಂದು ಮರೆತಿರಲಿಲ್ಲ.

ಹಣದ ವಿಷಯದಲ್ಲಿಯೂ ಮಾತು ನೇರವಾಗಿರಬೇಕು. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು ಕಾನೂನು ಸಂಹಿತೆಯ 1287ನೆಯ ವಿಧಿ ಹೇಳುತ್ತದೆ. ಅನೇಕ ಧರ್ಮಕೇಂದ್ರಗಳು ಇದನ್ನು ನಿಷ್ಠೆಯಿಂದ ಪಾಲಿಸುತ್ತಿವೆ. ಆದರೆ ಲೆಕ್ಕ ಓದುವುದು ಬೇರೆ, ಆದ್ಯತೆ ಗೊತ್ತುಮಾಡುವುದು ಬೇರೆ. ಖರ್ಚಾದ ಮೇಲೆ ಲೆಕ್ಕ ತಿಳಿಸಿದರೆ ಅದು ಪ್ರಾಮಾಣಿಕತೆ. ಖರ್ಚಿಗೆ ಮುನ್ನ ಕುಳಿತು, ಗೋಪುರವೇ ಅಥವಾ ಬಡಮಕ್ಕಳ ಶಾಲಾಶುಲ್ಕವೇ ಎಂದು ಕೇಳಿದರೆ ಅದು ಹಂಚಿಕೊಂಡ ಸೇವೆ.

ಇಷ್ಟು ಹೇಳಿದ ಮೇಲೆ ನಿಮ್ಮ ಕಡೆಗೂ ತಿರುಗಬೇಕಾಗಿದೆ, ಓದುಗರೇ. ಎಲ್ಲ ಕುಂದನ್ನೂ ಗುರುಗಳ ಮೇಲೆ ಹೊರಿಸಿದರೆ ವಿಮರ್ಶೆ ಅರ್ಧವಾದೀತು. ಮಂಡಳಿಯ ಸ್ಥಾನವನ್ನು ಮನೆತನದ ಮರ್ಯಾದೆಯೆಂದು ತಿಳಿದು ದಶಕಗಳ ಕಾಲ ಬಿಡದವರಿದ್ದಾರೆ. ತಮ್ಮ ವಾರ್ಡಿನವನಲ್ಲವೆಂಬ ಒಂದೇ ಕಾರಣಕ್ಕೆ ಒಳ್ಳೆಯ ಸಲಹೆಯನ್ನು ತಳ್ಳಿಹಾಕುವವರಿದ್ದಾರೆ. ತೀರ್ಮಾನಕ್ಕೆ ಕರೆದಾಗ ಮೌನವಾಗಿದ್ದು, ಹೊರಗೆ ಬಂದು ಚಹಾದ ಅಂಗಡಿಯಲ್ಲಿ ವಾದಿಸುವವರಿದ್ದಾರೆ. ಸೇವೆಯೆಂದರೆ ಬಲಿಪೀಠದ ಸುತ್ತಲಿನ ಸೇವೆ ಮಾತ್ರವೆಂದು ತಿಳಿದವರೂ ಕಡಿಮೆಯಿಲ್ಲ. 1988ರ ಡಿಸೆಂಬರ್ 30ರ ‘ಕ್ರಿಸ್ತಿಫಿದೇಲೆಸ್ ಲಾಯಿಚಿ’ ಎಂಬ ಪತ್ರದಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಶ್ರೀಸಾಮಾನ್ಯರನ್ನು ಕಿರಿಯ ಗುರುಗಳನ್ನಾಗಿ ಮಾಡುವ ಅಪಾಯದ ಬಗ್ಗೆ ಎಚ್ಚರಿಸಿದ್ದರು. ಗ್ರಾಮ ಪಂಚಾಯಿತಿಯಲ್ಲಿ ಲಂಚ ಮುಟ್ಟದ ಸದಸ್ಯೆ, ರೋಗಿಯ ಮುಂದೆ ತಾಳ್ಮೆ ಕಳೆದುಕೊಳ್ಳದ ದಾದಿ, ಅಳತೆಯಲ್ಲಿ ಮೋಸಮಾಡದ ವ್ಯಾಪಾರಿ, ಇವರ ಸೇವೆಗೆ ನಮ್ಮ ಯೋಜನೆಗಳಲ್ಲಿ ಅಂಕಣವೇ ಇಲ್ಲ. ಆದರೆ ದೀಕ್ಷಾಸ್ನಾನ ಅವರನ್ನು ಕಳುಹಿಸಿದ್ದು ಮುಖ್ಯವಾಗಿ ಅಲ್ಲಿಗೇ.

ಇದರಲ್ಲಿ ಪಣಕ್ಕಿರುವುದು ಒಂದು ಸಮಿತಿಯ ರಚನೆಯಲ್ಲ. ಗುರುಗಳಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆಯಾಗುತ್ತದೆ. ಯೋಜನೆ ಅವರೊಬ್ಬರದ್ದಾಗಿದ್ದರೆ ಅವರ ಪೆಟ್ಟಿಗೆಯೊಡನೆ ಅದೂ ಹೊರಡುತ್ತದೆ. ಅರ್ಧಕ್ಕೆ ನಿಂತ ಕಟ್ಟಡ, ಹೆಸರಿಗುಳಿದ ಸಂಘಗಳು, ಮತ್ತೆ ಮೊದಲಿನಿಂದ ಆರಂಭ. ಅದಕ್ಕಿಂತ ಆಳವಾದ ನಷ್ಟ ಮತ್ತೊಂದಿದೆ. ತನ್ನ ಮಾತಿಗೆ ಬೆಲೆಯಿಲ್ಲವೆಂದು ಕಂಡ ಹಿರಿಯರು ಜಗಳವಾಡುತ್ತಾರೆ. ಯುವಜನರು ಜಗಳವಾಡುವುದಿಲ್ಲ, ಬರುವುದನ್ನು ನಿಲ್ಲಿಸುತ್ತಾರೆ. ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋದ ಮಗ, ಮಗಳು ರಜೆಯಲ್ಲಿ ಬಂದಾಗ ದೇವಾಲಯದ ಹಿಂಬದಿಯ ಬಾಗಿಲ ಬಳಿ ಅತಿಥಿಯಂತೆ ನಿಲ್ಲುವುದನ್ನು ನೀವು ಕಂಡಿದ್ದೀರಿ. ಗುರುವಿನ ಪಾಲಿಗೂ ನಷ್ಟ ಕಡಿಮೆಯಲ್ಲ. ಎಲ್ಲವನ್ನೂ ತಾನೇ ತೀರ್ಮಾನಿಸುವವನು ಎಲ್ಲ ಸೋಲನ್ನೂ ಒಬ್ಬನೇ ಹೊರಬೇಕಾಗುತ್ತದೆ. ಗುರುಮನೆಯ ಒಂಟಿತನಕ್ಕೆ ಇದೂ ಒಂದು ಕಾರಣ.

ಹಾಗಾದರೆ ಬರುವ ವರ್ಷದ ಯೋಜನೆಯನ್ನು ಕೈಗೆತ್ತಿಕೊಂಡಾಗ ಏನನ್ನು ಹುಡುಕಬೇಕು? ಈ ಯೋಜನೆಯಲ್ಲಿ ಜನರಿಂದ ಬಂದು ಸೇರಿದ ಒಂದಾದರೂ ಅಂಶವಿದೆಯೇ? ಗುರುಗಳ ಮೊದಲ ಆಲೋಚನೆ ಮಂಡಳಿಯ ಮಾತು ಕೇಳಿ ಬದಲಾದ ಒಂದಾದರೂ ಉದಾಹರಣೆಯಿದೆಯೇ? ಕಳೆದ ವರ್ಷದ ಯೋಜನೆಯಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲವೆಂಬ ಮಾತು ಅದರಲ್ಲಿದೆಯೇ? ಹಿಂದೆಂದೂ ಮಂಡಳಿಯಲ್ಲಿರದ ಕುಟುಂಬದವರೊಬ್ಬರ ಹೆಸರು ಕಾಣುತ್ತದೆಯೇ? ಗುರುಗಳಿಗೆ ನಾಳೆಯೇ ವರ್ಗಾವಣೆಯಾದರೆ ಇದರಲ್ಲಿ ಯಾವುದು ಉಳಿಯುತ್ತದೆ? ಈ ಪ್ರಶ್ನೆಗಳನ್ನು ವಿನಯದಿಂದ, ಆದರೆ ಎದುರಿಗೇ ಕೇಳಿ. ಕೇಳುವ ಹಕ್ಕನ್ನು ಮಹಾಸಭೆ ನಿಮಗೆ ಕೊಟ್ಟಿದೆ.

ಸಭೆ ನಡೆಸುವ ಕ್ರಮದಲ್ಲಿಯೂ ಒಂದು ಸಣ್ಣ ಬದಲಾವಣೆ ಸಾಧ್ಯ. ಸಿನೊಡ್‌ನ ದುಂಡುಮೇಜುಗಳ ಸುತ್ತ ಅನುಸರಿಸಿದ ‘ಪವಿತ್ರಾತ್ಮರಲ್ಲಿ ಸಂವಾದ’ ಎಂಬ ವಿಧಾನಕ್ಕೆ ಹಣವೂ ಬೇಡ, ಪಾಂಡಿತ್ಯವೂ ಬೇಡ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಮಾತನ್ನು ಹೇಳುತ್ತಾರೆ, ಯಾರೂ ಅಡ್ಡಬರುವಂತಿಲ್ಲ. ಕೆಲಹೊತ್ತು ಮೌನ. ಎರಡನೆಯ ಸುತ್ತಿನಲ್ಲಿ ತಮ್ಮ ಮಾತನ್ನಲ್ಲ, ಇತರರ ಮಾತಿನಲ್ಲಿ ತಮ್ಮ ಮನಸ್ಸನ್ನು ತಟ್ಟಿದ್ದನ್ನು ಹೇಳುತ್ತಾರೆ. ಮತ್ತೆ ಮೌನ. ಮೂರನೆಯ ಸುತ್ತಿನಲ್ಲಿ, ಯಾವ ದಿಕ್ಕು ತೆರೆಯುತ್ತಿದೆಯೆಂದು ಒಟ್ಟಿಗೆ ಗುರುತಿಸುತ್ತಾರೆ. ಹಬ್ಬದ ಧ್ವನಿವರ್ಧಕ, ಶಾಮಿಯಾನಗಳ ವಾದದಲ್ಲಿಯೇ ಮುಗಿದುಹೋಗುವ ನಮ್ಮ ಸಭೆಗಳಲ್ಲಿ ಎಂದೂ ಬಾಯ್ದೆರೆಯದ ಆ ಒಬ್ಬರಿಗೆ ಇದರಿಂದ ಮಾತಾಡುವ ಸರದಿ ಸಿಕ್ಕೀತು.

ಅಂತಿಮ ದಾಖಲೆ ತನ್ನ ಚೌಕಟ್ಟನ್ನು ಸಂತ ಯೊವಾನ್ನರ ಶುಭಸಂದೇಶದ ಪುನರುತ್ಥಾನದ ಕಥನಗಳಿಂದ ಪಡೆದುಕೊಂಡಿದೆ. ಅದರಲ್ಲಿ ತಿಬೇರಿಯ ಸರೋವರದ ದಡದ ಪ್ರಸಂಗವೂ ಸೇರಿದೆ. ರಾತ್ರಿಯಿಡೀ ದುಡಿದು ಬರಿಗೈಯಾಗಿದ್ದ ಶಿಷ್ಯರು ಆತನ ಮಾತಿನಂತೆ ಬಲೆ ಬೀಸಿ, 153 ಮೀನುಗಳನ್ನು ಹಿಡಿದು ದಡಕ್ಕೆ ಬಂದಾಗ ಅಲ್ಲಿ ಕೆಂಡ ಉರಿಯುತ್ತಿತ್ತು, ಕೆಂಡದ ಮೇಲೆ ಮೀನೂ ಪಕ್ಕದಲ್ಲಿ ರೊಟ್ಟಿಯೂ ಇದ್ದವು. ಯೇಸುಸ್ವಾಮಿಯ ಬಳಿ ಊಟ ಆಗಲೇ ಸಿದ್ಧವಾಗಿತ್ತು. ಆದರೂ ಆತ ಶಿಷ್ಯರು ಹಿಡಿದ ಮೀನುಗಳಲ್ಲಿ ಕೆಲವನ್ನು ತರುವಂತೆ ಕೇಳಿದರು. ಆತನಿಗೆ ಕೊರತೆಯಿದ್ದು ಕೇಳಿದ್ದಲ್ಲ. ಅವರ ಪಾಲಿಲ್ಲದೆ ಆ ಊಟ ಪೂರ್ಣವಾಗದೆಂದು ಕೇಳಿದ್ದು. ಗುರುಗಳ ಅಭಾವ ನೀಗಿಸಲೆಂದು ಶ್ರೀಸಾಮಾನ್ಯರನ್ನು ಕರೆಯುವ ಯೋಜನೆಗೂ, ಅವರಿಲ್ಲದೆ ಧರ್ಮಸಭೆಯೇ ಅಪೂರ್ಣವೆಂದು ಕರೆಯುವ ಯೋಜನೆಗೂ ಇರುವ ಅಂತರ ಇಲ್ಲಿದೆ.

ಬರುವ ವರ್ಷದ ಯೋಜನೆ ನಿಮ್ಮ ಧರ್ಮಕೇಂದ್ರದಲ್ಲಿ ಇನ್ನೂ ಸಿದ್ಧವಾಗಿರದಿದ್ದರೆ, ಅದು ಸಿದ್ಧವಾಗುವ ಸಭೆಗೆ ಹೋಗಿ. ಸಿದ್ಧವಾಗಿದ್ದರೆ, ಕ್ಯಾಲೆಂಡರಿನ ಹಿಂದಿನಿಂದ ತೆಗೆದು ಮನೆಮಂದಿಯೊಡನೆ ಒಮ್ಮೆ ಓದಿ. ಅದರಲ್ಲಿ ನಿಮ್ಮ ಮೀನಿಗೂ ಜಾಗವಿರಬೇಕೆಂದು ನಿಮ್ಮ ಗುರುಗಳಿಗೆ ತಿಳಿಸಿ. ಅವರಲ್ಲಿ ಹೆಚ್ಚಿನವರು, ನನ್ನ ಅನುಭವದಲ್ಲಿ, ಯಾರಾದರೂ ಬಂದು ಹಾಗೆ ಹೇಳಲೆಂದು ಕಾಯುತ್ತಿದ್ದಾರೆ.